ವಸಡಲ್ಲಿ ರಕ್ತ ಬಂದರೆ ಬ್ರಷ್ ನಿಲ್ಲಿಸಬೇಡಿ

ಹಲ್ಲುಜ್ಜುವಾಗ ರಕ್ತ ಕಂಡರೆ ಹಾಸನದ ಕಡೆ ಬಹಳ ಜನ ಆ ಜಾಗವನ್ನೇ ಬಿಟ್ಟು ಉಜ್ಜುತ್ತಾರೆ. ಕೆಲಸ ಕೆಡುವುದು ಅಲ್ಲೇ. ಹಲ್ಲು ಮತ್ತು ವಸಡು ಸೇರುವ ಗೆರೆಯಲ್ಲಿ ಕೊಳೆ ನಿಂತದ್ದಕ್ಕೇ ಸಾಮಾನ್ಯವಾಗಿ ರಕ್ತ ಬರುವುದು. ಬಿಟ್ಟರೆ ಅದು ಎಂಜಲಿನ ಸುಣ್ಣದ ಅಂಶ ಹೀರಿ ಗಟ್ಟಿಯಾಗುತ್ತದೆ. ಆಮೇಲೆ ಯಾವ ಪೇಸ್ಟಿಗೂ ಬಗ್ಗುವುದಿಲ್ಲ.

ಮೊದಲು ಹಲ್ಲಿನ ಡಾಕ್ಟರಿಗೆ ತೋರಿಸಿ. ಹಾಸನದಲ್ಲೇ ಡೆಂಟಲ್ ಕಾಲೇಜಿದೆ, ದೂರ ಹೋಗಬೇಕಿಲ್ಲ. ಶುಗರ್ ಇದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಕೂತ ತಕ್ಷಣ ಹೇಳಿ. ಸಣ್ಣ ಕಡ್ಡಿಯಿಂದ ವಸಡಿನ ಸಂದಿಯ ಆಳ ಅಳೆಯುತ್ತಾರೆ. 3 ಮಿ.ಮೀ.ವರೆಗೆ ಚಿಂತೆಯಿಲ್ಲ.

ಆಮೇಲೆ ಕ್ಲೀನಿಂಗ್. ಮೆಷಿನ್ ಹಾಕಿಸಿದರೆ ಹಲ್ಲು ಅಲ್ಲಾಡುತ್ತದೆ ಎಂಬ ಮಾತನ್ನು ನಂಬಬೇಡಿ. ಸಂದಿಯಲ್ಲಿ ತುಂಬಿದ್ದ ಗಟ್ಟಿ ಕೊಳೆ ಹೋದಾಗ ಜಾಗ ಖಾಲಿ ಕಾಣುತ್ತದೆ, ಕೆಲವು ದಿನ ತಣ್ಣೀರು ಜುಮ್ ಅನ್ನುತ್ತದೆ, ಅಷ್ಟೇ. ಸಂದಿ ಆಳವಾಗಿದ್ದರೆ ಮರಗಟ್ಟಿಸಿ ಬೇರಿನವರೆಗೂ ಕೆರೆಯುತ್ತಾರೆ. 4ರಿಂದ 6 ವಾರಕ್ಕೆ ಮತ್ತೆ ಅಳತೆ. ಆಗಲೂ ಆಳ ಇಳಿಯದಿದ್ದರೆ ವಸಡು ಬಿಡಿಸಿ, ಒಳಗೆ ಶುಚಿ ಮಾಡಿ ಹೊಲಿಗೆ ಹಾಕುವ ಆಪರೇಷನ್ ಬೇಕಾಗಬಹುದು.

ಇನ್ನು ನಿಮ್ಮ ಕೈಯಲ್ಲಿರುವ ಕೆಲಸ. ಎಲ್ಲ ನಿಂತಿರುವುದು ಇದರ ಮೇಲೆ.

ಸಾಫ್ಟ್ ಬ್ರಷ್ಷೇ ತನ್ನಿ. ಗಟ್ಟಿ ಬ್ರಷ್ ಮನೆಯಲ್ಲಿದ್ದರೆ ಸಿಂಕ್ ತೊಳೆಯಲು ಇಟ್ಟುಕೊಳ್ಳಿ. ಬ್ರಷ್ಷನ್ನು ಹಲ್ಲಿಗೆ ನೇರವಾಗಿ ಒತ್ತಬೇಡಿ. ವಸಡಿನ ಕಡೆಗೆ ಓರೆ ಮಾಡಿ, ಸುಮಾರು 45 ಡಿಗ್ರಿ. ಅರ್ಧ ಎಳೆ ಹಲ್ಲಿನ ಮೇಲೆ, ಅರ್ಧ ವಸಡಿನ ಮೇಲೆ ಕೂರಬೇಕು. ಈಗ ಅಲ್ಲೇ ಸಣ್ಣಗೆ ಅಲ್ಲಾಡಿಸಿ, ಹತ್ತು ಸಲವಾದರೂ. ಬ್ರಷ್ ಜಾಗ ಬಿಟ್ಟು ಓಡಬಾರದು, ಎಳೆಗಳ ತುದಿ ಮಾತ್ರ ನಡುಗಬೇಕು. ನಂತರ ಮೇಲಿನ ಹಲ್ಲಾದರೆ ಕೆಳಕ್ಕೆ, ಕೆಳಗಿನದಾದರೆ ಮೇಲಕ್ಕೆ ಗುಡಿಸಿ. ಎರಡು ಮೂರು ಹಲ್ಲು ಮುಗಿಸಿ ಮುಂದೆ ಸರಿಯಿರಿ. ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದರೆ ಒತ್ತಡ ಜಾಸ್ತಿ ಬೀಳುತ್ತದೆ. ಪೆನ್ನು ಹಿಡಿದ ಹಾಗೆ ಹಿಡಿಯಿರಿ. ಕೆಳಗಿನ ಮುಂದಿನ ಹಲ್ಲುಗಳ ಒಳಬದಿಯನ್ನು ಮಾತ್ರ ಮರೆಯಲೇಬೇಡಿ. ಎಂಜಲು ಸುರಿಯುವ ಜಾಗ ಅದು, ಗಟ್ಟಿ ಕೊಳೆ ಬೇಗ ಕಟ್ಟುವುದೂ ಅಲ್ಲೇ. ರಾತ್ರಿ ಊಟವಾದ ಮೇಲೆ ಉಜ್ಜುವುದನ್ನು ತಪ್ಪಿಸಬೇಡಿ. ಹಲ್ಲಿನ ನಡುವಿನ ಸಂದಿಗೆ ಫ್ಲಾಸ್ ಎಂಬ ಹಲ್ಲಿನ ದಾರ ಅಥವಾ ಸಂದಿಯ ಸಣ್ಣ ಬ್ರಷ್ ಬೇಕು. ಪಿನ್ನು, ಬೆಂಕಿಕಡ್ಡಿ ಬೇಡ.

ಹೀಗೆ ಮಾಡಿದಾಗಲೂ ಮೊದಲ ಕೆಲವು ದಿನ ರಕ್ತ ಬರುತ್ತದೆ. ನಿಲ್ಲಿಸಬೇಡಿ. ಒಂದೆರಡು ವಾರದಲ್ಲಿ ಕಡಿಮೆಯಾಗಬೇಕು, ಆಗದಿದ್ದರೆ ಮತ್ತೆ ತೋರಿಸಿ.

ಇದ್ದಿಲ ಪುಡಿ, ಉಪ್ಪು-ನಿಂಬೆ ಹಾಕಿ ತಿಕ್ಕುವುದು ಬೇಡವೇ ಬೇಡ, ಹಲ್ಲು ಸವೆಯುತ್ತದೆ. ಬೆಚ್ಚಗಿನ ಉಪ್ಪುನೀರಲ್ಲಿ ಬಾಯಿ ಮುಕ್ಕಳಿಸಿದರೆ ಹಿತ, ಆದರೆ ಕೊಳೆ ಹೋಗುವುದಿಲ್ಲ. ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್ ಒಳ್ಳೆಯದೇ, ಆದರೆ ಡಾಕ್ಟರು ಹೇಳಿದಷ್ಟೇ ದಿನ. ಅದರ ಜತೆ ನಮ್ಮ ಕಾಫಿಯೂ ಸೇರಿದರೆ ಹಲ್ಲು ಕಂದಾಗುತ್ತದೆ. ಬೀಡಿ ಸಿಗರೇಟು ಸೇದುವವರು ರಕ್ತ ಬರುತ್ತಿಲ್ಲ ಎಂದು ಸುಮ್ನೆ ಕೂರಬೇಡಿ, ಹೊಗೆಯಿಂದ ರಕ್ತ ಕಡಿಮೆ ಕಾಣುತ್ತದೆ, ರೋಗ ಒಳಗೇ ಬೆಳೆಯುತ್ತದೆ.

ಎಲೆಅಡಿಕೆ, ಗುಟ್ಕಾ ಹಾಕುವವರು ಇನ್ನೊಂದು ನೋಡಿಕೊಳ್ಳಿ. ಖಾರ ಉರಿಯುವುದು, ಒರೆಸಿದರೂ ಹೋಗದ ಬಿಳಿ ಕಲೆ, ಎರಡು ವಾರವಾದರೂ ಮಾಯದ ಹುಣ್ಣು, ಮೂರು ಬೆರಳು ಸೇರಿಸಿ ನಿಲ್ಲಿಸಿದರೆ ತೂರದಷ್ಟು ಬಾಯಿ ಬಿಗಿಯಾಗುವುದು. ಇದರಲ್ಲಿ ಯಾವುದು ಕಂಡರೂ ಕ್ಲೀನಿಂಗ್ ಸಾಲದು. ಅಡಿಕೆ ಅಂದೇ ಬಿಡಿ, ಅದೇ ವಾರ ಡಾಕ್ಟರಿಗೆ ತೋರಿಸಿ.