ಮದ್ದು ಬಿಡುವವರ ಕಣ್ಣು ಜೋಪಾನ

ಬದಿಯಡ್ಕ, ಪೆರ್ಲ ಕಡೆಯ ಅಡಿಕೆ ಕೃಷಿಕರೇ, ಮಳೆ ಹಿಡಿಯುವ ಮೊದಲು ಒಂದು ಮಾತು. ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ದ್ರಾವಣ, ಬಿಡಲು ಬರುವವರ ಮೈ-ಕಣ್ಣಿನ ಬಗ್ಗೆ ನಾವು ಯೋಚಿಸುವುದು ಕಡಿಮೆ, ಅಲ್ವಾ?

100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತು, 1 ಕೆ.ಜಿ. ಸುಣ್ಣ ಎಂಬ ಲೆಕ್ಕ ಎಲ್ಲರಿಗೂ ಗೊತ್ತು. ಜಾಸ್ತಿ ಅಪಾಯ ಇರುವುದು ಸುಣ್ಣ ಅರಳಿಸುವಾಗ. ನೀರು ಬಿದ್ದ ಕೂಡಲೇ ಸುಟ್ಟ ಸುಣ್ಣ ಕೊತಕೊತ ಕುದಿಯುತ್ತದೆ. ಹೋದ ವರ್ಷ ನಮ್ಮ ತೋಟದಲ್ಲಿ ಬಗ್ಗಿ ನೋಡುತ್ತಿದ್ದ ಅಣ್ಣನ ಕಣ್ಣಿಗೆ ಒಂದು ಹನಿ ಸಿಡಿಯಿತು. ಪಾಪ, ಉಜ್ಜಲು ಹೋದರು. ಉಜ್ಜಲೇಬಾರದು. ರೆಪ್ಪೆ ಬಿಡಿಸಿ, ಪೈಪಿನ ನೀರನ್ನು ಮೆಲ್ಲಗೆ 20 ನಿಮಿಷ ಬಿಟ್ಟು, ಮತ್ತೆ ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆವು. ಕಣ್ಣು ಉಳಿಯಿತು.

ಈಗ ಡ್ರಮ್ಮಿನ ಪಕ್ಕದಲ್ಲೇ ಎರಡು ಬಕೆಟ್ ಶುದ್ಧ ನೀರು ಇಡುತ್ತೇನೆ. ಬದಿಯೂ ಮುಚ್ಚುವ ಕನ್ನಡಕ, ರಬ್ಬರ್ ಗ್ಲೌಸ್, ತುಂಬು ತೋಳಿನ ಅಂಗಿ ನಾನೇ ಕೊಡುತ್ತೇನೆ. ಅದು ತೋಟದ ಖರ್ಚು, ಅವರ ಸಂಬಳದಿಂದ ಹಿಡಿಯಬೇಡಿ. ಗಾಳಿಗೆ ಎದುರಾಗಿ ಮದ್ದು ಬಿಡಿಸಬೇಡಿ.

ಇನ್ನೊಂದು, ಎಲೆಅಡಿಕೆ ಹಾಕುವ ಮೊದಲು ಸೋಪಿನಲ್ಲಿ ಕೈ ತೊಳೆಯಲು ಹೇಳಿ. ನೀಲಿ ಹಿಡಿದ ಬೆರಳಲ್ಲೇ ವೀಳ್ಯದೆಲೆಗೆ ಸುಣ್ಣ ಹಚ್ಚುವುದನ್ನು ಎಷ್ಟೋ ಸಲ ನೋಡಿದ್ದೇನೆ.