ಸೂಜಿ ಹಿಡಿಯಲು ಬೇಜಾರೇ? ಒಂದು ಕುಕ್ಕರ್ ಹೊಲಿದು ನೋಡಿ

ಕಳೆದ ವರ್ಷ ಒಂದು ಅಂಗಡಿಗೆ ಕಸೂತಿ ಹಾಕಿದ ಪೌಚ್‌ಗಳನ್ನು ಮಾಡಿಕೊಡಲು ಒಪ್ಪಿಕೊಂಡೆ. ಒಟ್ಟು 60 ಪೌಚ್. ಎಲ್ಲದರ ಮೇಲೂ ಅದೇ ಆನೆ, ಅದೇ ಕೆಂಪು ದಾರ. 43ನೇ ಆನೆಗೆ ಸೊಂಡಿಲು ಬರುವ ಹೊತ್ತಿಗೆ ಕೈ ನಿಂತಿತು. ಉಳಿದದ್ದನ್ನು ಗೆಳತಿಯಿಂದ ಮಾಡಿಸಿ ಕೊಟ್ಟೆ. ಆಮೇಲೆ ಎರಡು ತಿಂಗಳು ಸೂಜಿ ಡಬ್ಬಿ ತೆಗೆಯಲೇ ಇಲ್ಲ.

ಆಗ ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಮೊಬೈಲ್ ಹಿಡಿದು ಡಿಸೈನ್ ನೋಡುತ್ತ ಕೂತೆ. ಸಂಜೆ ಪೂರ್ತಿ ನೋಡಿದರೂ ಒಂದು ಹೊಲಿಗೆ ಹಾಕುವ ಮನಸ್ಸು ಬರಲಿಲ್ಲ. ಬೇರೆಯವರ ಚೆಂದದ ಕೆಲಸ ನೋಡಿದಷ್ಟೂ ಸೂಜಿ ಇನ್ನಷ್ಟು ದೂರ ಹೋಯಿತು. ಕಡೆಗೆ ದಾರಿ ಸಿಕ್ಕಿದ್ದು ಕೈಗೆ ಕೆಲಸ ಕೊಟ್ಟ ಮೇಲೆಯೇ. ನಿಮಗೂ ಹಾಗೆ ಆಗಿದ್ದರೆ ಹೀಗೆ ಮಾಡಿ ನೋಡಿ.

ಮೊದಲು ಕಣ್ಣು ನೋಡಿಕೊಳ್ಳಿ

ತಮಾಷೆ ಅಲ್ಲ. ನಾನು ಹೇಳುತ್ತಿರುವುದು ಧಾರವಾಡ ಕಡೆಯ ಕಸೂತಿ. ಅದರಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿ ಇಲ್ಲ, ಎಳೆ ಎಣಿಸಿಯೇ ಹೊಲಿಯಬೇಕು. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಸುಕಾಗುವುದು ಸಹಜ. ಎಣಿಕೆ ಪದೇ ಪದೇ ತಪ್ಪುತ್ತದೆ, ಬೇಸರ ಬರುತ್ತದೆ, ನಾವು ಅದಕ್ಕೆ ‘ಮೂಡ್ ಇಲ್ಲ’ ಅನ್ನುತ್ತೇವೆ. ಕನ್ನಡಕ ಬೇಕೇನೋ ಪರೀಕ್ಷೆ ಮಾಡಿಸಿ. ಕಿಟಕಿ ಪಕ್ಕ, ಹಗಲು ಬೆಳಕಿನಲ್ಲಿ ಕೂರಿ. ಚಂದ್ರಕಾಳಿ ಸೀರೆಯಂಥ ಕಪ್ಪು ಬಟ್ಟೆಯಾದರೆ ತೊಡೆಯ ಮೇಲೆ ಬಿಳಿ ಟವೆಲ್ ಹಾಸಿಕೊಂಡು ಅದರ ಮೇಲೆ ಬಟ್ಟೆ ಇಟ್ಟುಕೊಳ್ಳಿ. ಎಳೆಗಳ ನಡುವಿನ ತೂತುಗಳಿಂದ ಬಿಳುಪು ಇಣುಕುತ್ತದೆ, ಎಣಿಸುವುದು ಅರ್ಧ ಸುಲಭವಾಗುತ್ತದೆ.

ಅಂಗೈ ಅಗಲದ ಬಟ್ಟೆ, ಒಂದೇ ಬಣ್ಣ

ಸೀರೆ, ಕುಪ್ಪಸ, ಆರ್ಡರಿನ ಕೆಲಸ ಎಲ್ಲವನ್ನೂ ಕಣ್ಣಿಗೆ ಬೀಳದ ಕಡೆ ಇಡಿ. ಅಂಗೈ ಅಗಲದ ಮ್ಯಾಟಿ ಬಟ್ಟೆ ತಗೊಳ್ಳಿ. ಅದರಲ್ಲಿ ಎಳೆಗಳು ಜೋಡಿ ಜೋಡಿಯಾಗಿ ನೇಯ್ದಿರುವುದರಿಂದ ಎಣಿಸಲು ಕಷ್ಟವಿಲ್ಲ. ಮೊಂಡು ತುದಿಯ ಸೂಜಿ ಸಾಕು. ಕಸೂತಿ ದಾರದ ಲಡಿಯಲ್ಲಿ ಸಾಮಾನ್ಯವಾಗಿ 6 ಎಳೆ ಇರುತ್ತವೆ, ಎರಡನ್ನು ಮಾತ್ರ ಬಿಡಿಸಿಕೊಳ್ಳಿ. ಉದ್ದ ಒಂದು ಮೊಳ. ಅದಕ್ಕಿಂತ ಜಾಸ್ತಿ ಆದರೆ ದಾರ ಸಿಕ್ಕಾಗುತ್ತದೆ. ಮನಸ್ಸು ಮೊದಲೇ ಸಿಕ್ಕಾಗಿದೆ, ದಾರವೂ ಯಾಕೆ?

ಬಣ್ಣ ಆರಿಸಲು ಕೂರಬೇಡಿ. ಡಬ್ಬಿಯಲ್ಲಿ ಕೈಗೆ ಮೊದಲು ಸಿಕ್ಕಿದ್ದೇ ಇವತ್ತಿನ ಬಣ್ಣ.

ಈಗ ಬರೀ ಗವಂತಿ ಹಾಕಿ, ಅಂದರೆ ಹೋದ ದಾರಿಯಲ್ಲೇ ವಾಪಸ್ ಬರುವ ನೇರ ಹೊಲಿಗೆ. ಗಂಟು ಹಾಕಬೇಡಿ, ಕಸೂತಿಗೆ ಗಂಟು ಇಲ್ಲ. ಎರಡು ಅಂಗುಲ ದಾರ ಹಿಂದೆ ಬಿಟ್ಟು ಶುರು ಮಾಡಿ, ಆಮೇಲೆ ಅದನ್ನು ಹೊಲಿಗೆಯೊಳಗೇ ಸೇರಿಸಬಹುದು. ಬಟ್ಟೆಯ ಎರಡು ಜೋಡಿ ಎಳೆಯ ಮೇಲೆ ಒಂದು ಹೊಲಿಗೆ, ಎರಡು ಜೋಡಿಯ ಅಡಿಯಲ್ಲಿ ಒಂದು. ಹೀಗೆ ಹತ್ತು ಹೊಲಿಗೆ ಹೋಗಿ. ಸಾಲು ನಡುನಡುವೆ ಹಲ್ಲು ಬಿದ್ದ ಹಾಗೆ ಕಾಣುತ್ತದೆ. ಅಲ್ಲಿಂದ ತಿರುಗಿ, ಅದೇ ತೂತುಗಳಲ್ಲಿ ವಾಪಸ್ ಬನ್ನಿ. ಬಿಟ್ಟ ಜಾಗ ತುಂಬಿ ಗೆರೆ ಪೂರ್ತಿಯಾಗುತ್ತದೆ, ಬಟ್ಟೆ ತಿರುಗಿಸಿದರೆ ಹಿಂದೆಯೂ ಅದೇ ಗೆರೆ. ಇದನ್ನೇ ಮೆಟ್ಟಿಲು ಮೆಟ್ಟಿಲಾಗಿ ಹಾಕಿದರೆ ಅದು ಮುರಗಿ ಹೊಲಿಗೆ.

ದಿನಕ್ಕೆ ಇಪ್ಪತ್ತು ನಿಮಿಷ, ಐದು ದಿನ. ಏನನ್ನೂ ‘ಮಾಡುವುದು’ ಬೇಡ, ಸುಮ್ನೆ ಗೆರೆ ಎಳೆಯಿರಿ. ಮೂರನೇ ದಿನದ ಹೊತ್ತಿಗೆ ನನ್ನ ಬೆರಳು ತಾನಾಗಿಯೇ ಎಣಿಸತೊಡಗಿತ್ತು.

ಮನೆಯಲ್ಲಿ ಕಂಡದ್ದನ್ನೇ ಹೊಲಿಯಿರಿ

ಕಸೂತಿ ಹಾಕಿದ ಹಳೇ ಇಳಕಲ್ ಸೀರೆಯ ಸೆರಗು ಬಿಡಿಸಿ ನೋಡಿ. ತೇರು, ಗೋಪುರ, ತುಳಸಿಕಟ್ಟೆ, ತೊಟ್ಟಿಲು, ನವಿಲು, ಅಂಬಾರಿ ಆನೆ. ಧಾರವಾಡ ಕಡೆಯ ಹೆಣ್ಣುಮಕ್ಕಳು ಅಂಗಳದಲ್ಲಿ, ಗುಡಿಯಲ್ಲಿ, ಜಾತ್ರೆಯಲ್ಲಿ ಕಂಡದ್ದನ್ನೇ ಎಳೆ ಲೆಕ್ಕಕ್ಕೆ ಇಳಿಸಿದರು. ಹಾಗಾದರೆ ನಮ್ಮ ಕಣ್ಣೆದುರು ಏನಿದೆ? ನನ್ನೆದುರು ಕುಕ್ಕರ್ ಇತ್ತು.

ಗ್ರಾಫ್ ಹಾಳೆ ತಗೊಳ್ಳಿ. ಒಂದು ಮನೆ ಅಂದರೆ ಒಂದು ಹೊಲಿಗೆ. ಕುಕ್ಕರಿನ ಮೈಗೆ 11 ಮನೆ ಅಗಲ, 7 ಮನೆ ಎತ್ತರ. ಮುಚ್ಚಳಕ್ಕೆ ದುಂಡು ಬೇಕು, ಆದರೆ ಕಸೂತಿಗೆ ದುಂಡು ಬರುವುದಿಲ್ಲ. ಇರುವುದು ಅಡ್ಡ, ಉದ್ದ, ಓರೆ ಗೆರೆ ಮಾತ್ರ. ಹಾಗಾಗಿ ಮುಚ್ಚಳ ಎರಡೂ ಕಡೆಯಿಂದ ಮೆಟ್ಟಿಲು ಹತ್ತುತ್ತದೆ: 11, 9, 7, 5. ಹಿಡಿಕೆ ಬಲಕ್ಕೆ 4 ಮನೆ. ಸೀಟಿಗೆ 1 ಮನೆ ಅಗಲ, 2 ಮನೆ ಎತ್ತರ. ಅದರ ಮೇಲೆ ಹಾರುವ ಹಬೆಗೆ ಅಲ್ಲೊಂದು ಇಲ್ಲೊಂದು ಮೆಂತಿ ಹೊಲಿಗೆ, ಅಂದರೆ ಪುಟ್ಟ ಪುಟ್ಟ ಗುಣಿಸು ಗುರುತು.

ದುಂಡನ್ನು ಮೆಟ್ಟಿಲಾಗಿಸುವ ಈ ತಲೆಬಿಸಿಯಲ್ಲೇ ಮಜಾ ಇದೆ ಅನ್ನುವುದು ನನ್ನ ಅನುಭವ. ಬೇಸರ ಯಾವಾಗ ಹೋಯಿತೋ ಗೊತ್ತೇ ಆಗಲಿಲ್ಲ. ನೀವು ಫ್ಯಾನ್ ಹೊಲಿಯಿರಿ, ಬಟ್ಟೆ ಕ್ಲಿಪ್ ಹೊಲಿಯಿರಿ, ಮಗನ ಸ್ಕೂಟರ್ ಹೊಲಿಯಿರಿ. ಮಾರುವ ಯೋಚನೆ ಮಾತ್ರ ಬೇಡ.

ತಪ್ಪಿದರೆ?

ತಪ್ಪುತ್ತದೆ. ಹೋಗುವಾಗ ಒಂದು ಎಳೆ ಹೆಚ್ಚುಕಮ್ಮಿ ಆದರೆ ವಾಪಸ್ ಬರುವಾಗ ಮೂಲೆ ಕೂಡುವುದಿಲ್ಲ, ಅಲ್ವಾ? ಆಗ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದೆ ತಳ್ಳಬೇಡಿ, ಅದು ದಾರವನ್ನು ಸೀಳುತ್ತದೆ. ಸೂಜಿಯಿಂದ ದಾರ ತೆಗೆದು, ಮೊಂಡು ತುದಿಯಿಂದ ಒಂದೊಂದೇ ಹೊಲಿಗೆ ಎತ್ತಿ ಬಿಚ್ಚಿ. ಮೂರು ಸಲ ಬಿಚ್ಚಿದ ದಾರವನ್ನು ಎಸೆದುಬಿಡಿ, ಜುಂಗು ಎದ್ದಿರುತ್ತದೆ. ಆ ದಿನಕ್ಕೆ ಡಬ್ಬಿಯನ್ನೂ ಮುಚ್ಚಿ.

ಕುಕ್ಕರ್ ಮುಗಿಸಿ ವೈನಿಗೆ, ಅಂದರೆ ಅತ್ತಿಗೆಗೆ, ತೋರಿಸಿದೆ. ಅವರು ಬಟ್ಟೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಯಾವ ಗುಡೀದ ಗೋಪುರ ಇದು?” ಅಂದರು.

“ನಮ್ಮ ಅಡಿಗಿ ಮನೀದು” ಅಂದೆ.

ಆ 43ನೇ ಆನೆ ಇನ್ನೂ ನನ್ನ ಹತ್ತಿರವೇ ಇದೆ. ಮೊನ್ನೆ ಅದಕ್ಕೆ ಸೊಂಡಿಲು ಹಾಕಿದೆ, ಹಸಿರು ದಾರದಲ್ಲಿ.