ಸಾಕಿದ ಹೇಂಟೆ ಮೂಲೆ ಹಿಡಿದಾಗ: ಆರೈಕೆಯ ಕ್ರಮ

ಕೋಳಿ ತನ್ನ ಕಾಯಿಲೆಯನ್ನು ಆದಷ್ಟು ದಿನ ಮುಚ್ಚಿಡುತ್ತದೆ. ಸೊರಗಿದ ಹಕ್ಕಿಯನ್ನು ಹಿಂಡಿನ ಉಳಿದವು ಕುಕ್ಕಿ ಓಡಿಸುವುದರಿಂದ, ಹಸಿವಿಲ್ಲದಿದ್ದರೂ ಕಾಳಿನ ಮೇಲೆ ಸುಮ್ಮನೆ ಕೊಕ್ಕಾಡಿಸುವ ಹೇಂಟೆಗಳೂ ಇವೆ. ಆದ್ದರಿಂದ ಪುಕ್ಕ ಕೆದರಿ, ಬಾಲ ಇಳಿಬಿಟ್ಟು, ಕಣ್ಣು ಮುಚ್ಚಿಕೊಂಡು ಮೂಲೆಯಲ್ಲಿ ನಿಂತದ್ದು ನಮ್ಮ ಕಣ್ಣಿಗೆ ಬೀಳುವ ಹೊತ್ತಿಗೆ ರೋಗ ಸಾಕಷ್ಟು ಮುಂದುವರಿದಿರುತ್ತದೆ ಎಂದೇ ತಿಳಿಯಬೇಕು. ಯಾವ ಔಷಧಿ ಕೊಡಲಿ ಎಂಬ ಪ್ರಶ್ನೆ ಎಲ್ಲರಿಗೂ ಮೊದಲು ಹೊಳೆಯುತ್ತದೆ. ಅದು ಕೊನೆಗೆ ಕೇಳಬೇಕಾದ ಪ್ರಶ್ನೆ. ಬೇರ್ಪಡಿಸುವುದು, ಹವೆ, ನೀರು, ಆಹಾರ, ಇವುಗಳ ನಡುವೆಯೇ ಪರೀಕ್ಷೆ ಎಂಬ ಕ್ರಮ ತಪ್ಪಿದರೆ ಒಳ್ಳೆಯ ಔಷಧಿಯೂ ನಾಟುವುದಿಲ್ಲ.

ಹೇಂಟೆಯನ್ನು ಹಿಂಡಿನಿಂದ ಬೇರ್ಪಡಿಸಿ ರಟ್ಟಿನ ಪೆಟ್ಟಿಗೆಯಲ್ಲೋ ಅಗಲವಾದ ಬುಟ್ಟಿಯಲ್ಲೋ ಇರಿಸಬೇಕು. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ಅಕ್ಕಿ ಗಿರಣಿಯ ಹೊಟ್ಟು ಸುಲಭವಾಗಿ ಸಿಗುವುದರಿಂದ ಅದನ್ನೇ ಹಾಸುವ ರೂಢಿಯಿದೆ. ಆದರೆ ತೇವಗೊಂಡ ಹೊಟ್ಟಿನಲ್ಲಿ ಬೂಷ್ಟು ಹಿಡಿದರೆ ಅದು ಶ್ವಾಸಕೋಶಕ್ಕೆ ಸೇರಿ ಹೊಸ ರೋಗ ತರುತ್ತದೆ, ಹಿಕ್ಕೆಯ ಬಣ್ಣವೂ ಹೊಟ್ಟಿನಲ್ಲಿ ಮರೆಯಾಗುತ್ತದೆ. ಹಳೆಯ ದಿನಪತ್ರಿಕೆ ಹಾಸಿ ದಿನಕ್ಕೆರಡು ಬಾರಿ ಬದಲಿಸುವುದು ಲೇಸು. ಆರೋಗ್ಯವಂತ ಕೋಳಿಗಳ ಕೆಲಸ ಮುಗಿಸಿದ ನಂತರವೇ ಇದರ ಬಳಿ ಹೋಗಬೇಕು ಮತ್ತು ಕೈಯನ್ನು ಸೋಪಿನಿಂದ ತೊಳೆಯಬೇಕು.

ಹವೆಯ ವಿಷಯದಲ್ಲಿ ರಾಯಚೂರು ಸುತ್ತಲಿನ ನಮ್ಮ ಸೀಮೆಗೆ ಪ್ರತ್ಯೇಕ ಎಚ್ಚರಿಕೆ ಬೇಕು. ಕಾಯಿಲೆಯ ಕೋಳಿಗೆ ಬಲ್ಬಿನ ಕಾವು ಕೊಡಿ ಎಂಬ ಸಲಹೆ ಚಳಿ ದೇಶಗಳಿಂದ ಬಂದದ್ದು. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅದು ಇಲ್ಲಿಯೂ ಸರಿಯೇ. ಆದರೆ ಉಷ್ಣಾಂಶ 40 ಡಿಗ್ರಿ ದಾಟುವ ರಾಯಚೂರಿನ ಏಪ್ರಿಲ್, ಮೇ ತಿಂಗಳಲ್ಲಿ ಅದೇ ಬಲ್ಬು ಹಕ್ಕಿಯನ್ನು ಕೊಲ್ಲುತ್ತದೆ. ಕೋಳಿಗೆ ಬೆವರಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ಅದು ಮೈಯ ಶಾಖ ಕಳೆದುಕೊಳ್ಳಬೇಕು. ಕೊಕ್ಕು ತೆರೆದು, ರೆಕ್ಕೆಗಳನ್ನು ಮೈಯಿಂದ ದೂರ ಹಿಡಿದು ನಿಂತಿದ್ದರೆ ಗಾಳಿಯಾಡುವ ನೆರಳಿಗೆ ಒಯ್ದು, ಒದ್ದೆ ಮಾಡಿದ ಗೋಣಿತಟ್ಟನ್ನು ಗಾಳಿ ಬರುವ ಕಡೆ ತೂಗುಬಿಟ್ಟು, ಕಾಲುಗಳನ್ನು ಮಾತ್ರ ತಣ್ಣೀರಿನಲ್ಲಿ ಇಳಿಸಬೇಕು. ಇಲ್ಲಿನ ಒಣಹವೆಯಲ್ಲಿ ಒದ್ದೆ ಗೋಣಿ ಚೆನ್ನಾಗಿ ತಂಪು ಕೊಡುತ್ತದೆ. ಮೈ ಮುಟ್ಟಿ ಜ್ವರವಿದೆ ಎಂದು ತೀರ್ಮಾನಿಸಬಾರದು, ಏಕೆಂದರೆ ಆರೋಗ್ಯವಂತ ಕೋಳಿಯ ಮೈಯ ಉಷ್ಣಾಂಶವೇ ಸುಮಾರು 41 ಡಿಗ್ರಿ. ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ.

ಮೂರು ದಿನ ತಿನ್ನದಿದ್ದರೂ ತಡೆಯುವ ಹಕ್ಕಿ ನೀರಿಲ್ಲದೆ ಬೇಗ ಸೋಲುತ್ತದೆ. ಔಷಧ ಅಂಗಡಿಯ ಒಂದು ಲೀಟರಿನ ಓಆರ್‌ಎಸ್ (ಉಪ್ಪು, ಸಕ್ಕರೆ ಬೆರೆತ ಪುಡಿ) ಪೊಟ್ಟಣವನ್ನು ಒಂದು ಲೀಟರ್ ನೀರಿಗೇ ಸರಿಯಾಗಿ ಕಲಸಬೇಕು. ಉಪ್ಪು ಹೆಚ್ಚಾದರೆ ಕೋಳಿಗೆ ಅದೇ ವಿಷ. ತಾನಾಗಿ ಕುಡಿಯದಿದ್ದರೆ ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಬಿಟ್ಟು, ಅದು ನುಂಗಿದ ಮೇಲೆಯೇ ಮುಂದಿನ ಹನಿ ಬಿಡಬೇಕು. ಕೋಳಿಯ ಬಾಯಿ ತೆರೆದು ನೋಡಿದರೆ ನಾಲಿಗೆಯ ಬುಡದಲ್ಲಿ ಮುಚ್ಚಿ ತೆರೆಯುವ ಸಣ್ಣ ಸೀಳೊಂದು ಕಾಣುತ್ತದೆ. ಅದೇ ಶ್ವಾಸನಾಳದ ಬಾಯಿ. ಗಂಟಲಿಗೆ ಸುರಿದ ನೀರು, ಎಣ್ಣೆ, ಬೆಳ್ಳುಳ್ಳಿ ಮೆಣಸಿನ ಕಷಾಯ ಎಲ್ಲವೂ ಆ ಸೀಳಿನ ಮೂಲಕ ನೇರವಾಗಿ ಶ್ವಾಸಕೋಶಕ್ಕೆ ಇಳಿಯಬಲ್ಲವು. ಹಳ್ಳಿಗಳಲ್ಲಿ ರೋಗಕ್ಕಿಂತ ಹೀಗೆ ಸುರಿದದ್ದರಿಂದಲೇ ಸತ್ತ ಕೋಳಿಗಳು ಕಡಿಮೆಯಿಲ್ಲ ಎಂಬುದು ನನ್ನ ಅನಿಸಿಕೆ.

ನೀರು ಇಳಿಯತೊಡಗಿದ ಮೇಲೆ ಜೋಳದ ನುಚ್ಚಿನ ತೆಳ್ಳನೆಯ ಗಂಜಿ, ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆಯ ಹಳದಿ ಭಾಗವನ್ನು ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಬೂಷ್ಟು ಹಿಡಿದ ಮೆಕ್ಕೆಜೋಳ, ಶೇಂಗಾ ಹಿಂಡಿ ಬೇಡವೇ ಬೇಡ.

ಪರೀಕ್ಷೆಯನ್ನು ಬೆಳಗ್ಗೆ, ಕಾಳು ಹಾಕುವ ಮುಂಚೆ ಮಾಡಬೇಕು. ಕೊರಳ ಬುಡದಲ್ಲಿರುವ ಕಾಳಿನ ಚೀಲ ರಾತ್ರಿ ಕಳೆದು ಬರಿದಾಗಿರಬೇಕು. ಗಟ್ಟಿಯಾಗಿ ತುಂಬಿಕೊಂಡೇ ಇದ್ದರೆ ಒಳಗೆ ಹುಲ್ಲು, ದಾರ ಸಿಕ್ಕಿಕೊಂಡಿದೆ ಎಂದೂ, ಮೆತ್ತಗಿದ್ದು ಬಾಯಿಂದ ಹುಳಿ ವಾಸನೆ ಬಂದರೆ ಒಳಗಿನದು ಕೊಳೆಯುತ್ತಿದೆ ಎಂದೂ ಊಹಿಸಬಹುದು. ಎದೆಮೂಳೆ ಬೆರಳಿಗೆ ಚೂಪಾಗಿ ತಗುಲಿದರೆ ಕಾಯಿಲೆ ಹಳೆಯದು. ಹಿಕ್ಕೆಯಲ್ಲಿ ರಕ್ತವಿದ್ದರೆ, ಅದರಲ್ಲೂ ಎಳೆಯ ಕೋಳಿಯಾದರೆ, ಕರುಳಿನ ರಕ್ತಭೇದಿಯ ಸಂಶಯ ಪಡಬೇಕು. ಹಸಿರು ನೀರಿನಂತಹ ಹಿಕ್ಕೆ, ಉಸಿರಾಟದ ಗೊರಗೊರ, ಕುತ್ತಿಗೆ ತಿರುಚುವುದು ಕೂಡಿ ಬಂದರೆ ಅದು ರಾಣಿಖೇತ್, ಅಂದರೆ ಕೊಕ್ಕರೆ ರೋಗ ಇರಬಹುದು. ಇದಕ್ಕೆ ಲಸಿಕೆಯಿದೆ, ಮದ್ದಿಲ್ಲ. ಬದುಕಿ ಉಳಿದ ಕೋಳಿಯ ಕುತ್ತಿಗೆ ಸೊಟ್ಟಗೇ ಉಳಿಯುವುದೂ ಉಂಟು.

ಜುಟ್ಟು ಬಿಳಿಚಿಕೊಂಡಿದ್ದರೆ ರೆಕ್ಕೆಯ ಕೆಳಗೆ, ಗುದದ ಸುತ್ತ ಹೇನು ಹುಡುಕಿ. ಏನೂ ಸಿಗದಿದ್ದರೆ ಅಷ್ಟಕ್ಕೇ ಬಿಡಬೇಡಿ, ರಾತ್ರಿ ಟಾರ್ಚ್ ಹಿಡಿದು ಗೂಡಿನ ಗೋಡೆ ನೋಡಿ: ಕೋಳಿ ಉಣ್ಣಿ ಹಗಲಲ್ಲಿ ಕಲ್ಲಿನ ಸಂದಿಯಲ್ಲೋ ಮಣ್ಣಿನ ಗೋಡೆಯ ಬಿರುಕಿನಲ್ಲೋ ಅಡಗಿದ್ದು, ಕತ್ತಲಾದ ಮೇಲೆ ಹೊರಬಂದು ರಕ್ತ ಹೀರಿ, ಬೆಳಕು ಹರಿಯುವ ಮೊದಲೇ ಮರಳುತ್ತದೆ. ಮಾಳಿಗೆ ಮನೆಗಳ ಪಕ್ಕದ ಹಳೆಯ ಗೂಡುಗಳಲ್ಲಿ ಇದನ್ನು ಮೊದಲು ಶಂಕಿಸಬೇಕು, ಹಕ್ಕಿಯ ಜೊತೆಗೆ ಬಿರುಕುಗಳಿಗೂ ಚಿಕಿತ್ಸೆ ಆಗಬೇಕು.

ಮೊಟ್ಟೆಯಿಡುವ ಹೇಂಟೆ ಬಾಲ ಕೆಳಗೆ ಮಾಡಿ ನೆಟ್ಟಗೆ ನಿಂತು ಮುಕ್ಕರಿಯುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಕೈಗೆ ಹಿತವಾಗುವಷ್ಟು ಬಿಸಿಯ ನೀರಿನಲ್ಲಿ ಹೊಟ್ಟೆಯ ಭಾಗ ಮುಳುಗುವಂತೆ 15ರಿಂದ 20 ನಿಮಿಷ ಕೂರಿಸಿ, ಒರೆಸಿ, ಕತ್ತಲೆಯ ಜಾಗದಲ್ಲಿ ಬಿಡಬೇಕು. ಹೊಟ್ಟೆ ಹಿಸುಕಬಾರದು, ಒಳಗೆ ಮೊಟ್ಟೆ ಒಡೆದರೆ ಪ್ರಾಣಕ್ಕೇ ಅಪಾಯ.

ನೀರಾವರಿ ಪ್ರದೇಶದವರು ಇನ್ನೊಂದನ್ನು ನೆನಪಿಡಬೇಕು. ಬೆಳಗ್ಗೆ ಚೆನ್ನಾಗಿದ್ದ ಕೋಳಿ ಮಧ್ಯಾಹ್ನ ಜೊಲ್ಲು ಸುರಿಸುತ್ತಾ ಕಾಲು ಸೋತು ಬಿದ್ದಿದ್ದರೆ, ಅದು ಬೀಜೋಪಚಾರ ಮಾಡಿದ, ಅಂದರೆ ಬಿತ್ತನೆಗೆಂದು ವಿಷ ಲೇಪಿಸಿದ ಕಾಳನ್ನೋ, ಹತ್ತಿ, ಮೆಣಸಿನಕಾಯಿ ಹೊಲದಲ್ಲಿ ಕೀಟನಾಶಕ ಹೊಡೆದದ್ದನ್ನೋ ತಿಂದಿರುವ ಸಾಧ್ಯತೆಯೇ ಹೆಚ್ಚು. ಇಲ್ಲಿ ಮನೆಮದ್ದಿಗೆ ಸಮಯವಿಲ್ಲ. ಆ ಬಾಟಲಿಯನ್ನೋ ಬೀಜದ ಚೀಲವನ್ನೋ ಜೊತೆಗೊಯ್ದರೆ ವೈದ್ಯರಿಗೆ ಪ್ರತ್ಯೌಷಧ ನಿರ್ಧರಿಸುವುದು ಸುಲಭವಾಗುತ್ತದೆ.

ಮನೆಯಲ್ಲಿ ಉಳಿದ ಮನುಷ್ಯರ ಮಾತ್ರೆಗಳನ್ನು ಅಂದಾಜಿನಲ್ಲಿ ಕೊಡಬಾರದು. ಹತ್ತಿರದ ಪಶು ಆಸ್ಪತ್ರೆಗೆ ಒಯ್ಯಲಾಗದಿದ್ದರೆ ಸಂಚಾರಿ ಪಶು ಚಿಕಿತ್ಸಾ ಘಟಕದ ಉಚಿತ ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು; ಕರೆ ಮಾಡುವಾಗ ಹಿಕ್ಕೆಯ ಬಣ್ಣ, ಕೊನೆಯ ಬಾರಿ ತಿಂದ ಹೊತ್ತು, ಹಾಕಿಸಿದ ಲಸಿಕೆ ಇವನ್ನು ಬರೆದಿಟ್ಟುಕೊಂಡಿರಬೇಕು. ಹಿಂಡಿನಲ್ಲಿ ಹಲವು ಕೋಳಿಗಳು ಒಮ್ಮೆಗೇ ಸತ್ತರೆ ಮುಟ್ಟದೆ ಪಶುಸಂಗೋಪನಾ ಇಲಾಖೆಗೆ ತಿಳಿಸಬೇಕು, ಏಕೆಂದರೆ ಸಂಡೂರು ತಾಲ್ಲೂಕಿನ ಕುರೆಕುಪ್ಪದಲ್ಲಿ 2025ರಲ್ಲಿ ಹಕ್ಕಿಜ್ವರ ದೃಢಪಟ್ಟದ್ದುಂಟು. ಒಂಟಿಯಾಗಿ ಸತ್ತ ಕೋಳಿಯನ್ನಾದರೆ ಅಡುಗೆಗೆ ಬಳಸದೆ, ಕಾಲುವೆಗೂ ಎಸೆಯದೆ, ನಾಯಿ ಅಗೆಯಲಾಗದಷ್ಟು ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಚೇತರಿಸಿಕೊಂಡ ಹೇಂಟೆಯನ್ನು ಹಿಂಡಿಗೆ ನೇರವಾಗಿ ಬಿಟ್ಟರೆ ಉಳಿದವು ಅದನ್ನು ಹೊಸಬಳೆಂದೇ ಬಗೆದು ಕುಕ್ಕುತ್ತವೆ. ಕೆಲವು ದಿನ ಜಾಲರಿಯ ಆಚೆ ಎಲ್ಲಕ್ಕೂ ಕಾಣುವಂತೆ ಇರಿಸಿ, ನಂತರ ಸಂಜೆ ಅವು ಗೂಡು ಸೇರುವ ಹೊತ್ತಿಗೆ ಒಳಗೆ ಬಿಡಬೇಕು. ಔಷಧಿ ಕೊಟ್ಟಿದ್ದರೆ ಅದರ ಮೊಟ್ಟೆಯನ್ನು ಎಷ್ಟು ದಿನ ತಿನ್ನಬಾರದೆಂದು ವೈದ್ಯರನ್ನೇ ಕೇಳಿ, ಅಷ್ಟು ದಿನದ ಮೊಟ್ಟೆಗಳನ್ನು ಬೇರೆಯಾಗಿ ತೆಗೆದು ಹೂಳಬೇಕು.